ಮೊದಲ ಹರಿಕಥೆಗೆ ತಯಾರಿ: ಪಲ್ಲವಿಯಿಂದ ಮಂಗಳದವರೆಗೆ

"ನೀವು ದೇವರನಾಮ ಚೆನ್ನಾಗಿ ಹಾಡ್ತೀರಿ, ಈ ಸಲ ಗೋಕುಲಾಷ್ಟಮಿಗೆ ಒಂದು ಹರಿಕಥೆ ಮಾಡಿಬಿಡಿ" ಅಂತ ದೇವಸ್ಥಾನದವರು ಕೇಳಿದ್ದಾರೆ, ನೀವೂ ಹೂಂ ಅಂದಿದ್ದೀರಿ ಅಂದುಕೊಳ್ಳೋಣ. ಕೈಯಲ್ಲಿ ಎರಡು ಮೂರು ತಿಂಗಳಿದೆ. ಸಂಗೀತ ಒಂದಿಷ್ಟು ಬರುತ್ತದೆ, ಕಥೆಯೂ ಗೊತ್ತಿದೆ. ಆದರೆ ಒಂದೂವರೆ ಗಂಟೆ ಒಬ್ಬರೇ ನಿಂತು ಹಾಡಿ, ಮಾತಾಡಿ, ನಗಿಸಿ, ಕಣ್ಣು ಒದ್ದೆ ಮಾಡಿಸಿ ಜನರನ್ನು ಕೂರಿಸಿಕೊಳ್ಳುವುದು ಹೇಗೆ ಅನ್ನುವುದು ತಿಳಿಯುತ್ತಿಲ್ಲ. ಈ ಬರಹ ಅಂಥವರಿಗೆ.

ಇದು ಗುರುವಿಗೆ ಬದಲಿ ಅಲ್ಲ. ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಕೀರ್ತನಕಾರರು ಇದ್ದರೆ ಹೋಗಿ ನಮಸ್ಕಾರ ಮಾಡಿ, ಅವರ ಕಾರ್ಯಕ್ರಮಗಳಲ್ಲಿ ಹಿಂದೆ ನಿಂತು ತಂಬೂರಿ ಮೀಟುವ ಅವಕಾಶ ಸಿಕ್ಕರೂ ಬಿಡಬೇಡಿ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಕಥಾಕೀರ್ತನವನ್ನು, ಅಂದರೆ ಹರಿಕಥೆಯನ್ನು, ಪ್ರತ್ಯೇಕ ಕಲೆ ಅಂತಲೇ ಗುರುತಿಸಿ ಪ್ರಶಸ್ತಿ ಕೊಡುತ್ತದೆ. ಆ ಪಟ್ಟಿಗಳನ್ನು ನೋಡಿದರೆ ನಿಮ್ಮ ಜಿಲ್ಲೆಯ ಹೆಸರು ಯಾವುದಾದರೂ ಸಿಗಬಹುದು.

ಮೊದಲು ಕೇಳಿ, ಬೇರೆ ಥರ ಕೇಳಿ

ಸಂತ ಭದ್ರಗಿರಿ ಅಚ್ಯುತದಾಸರು, ಅವರ ತಮ್ಮ ಕೇಶವದಾಸರು, ಸಿನಿಮಾದಲ್ಲಿ ಅರುಣ್ ಕುಮಾರ್ ಅಂತ ಹೆಸರಾಗಿದ್ದ ಗುರುರಾಜುಲು ನಾಯ್ಡು ಇವರ ಹರಿಕಥೆಗಳು ಕ್ಯಾಸೆಟ್ ಕಾಲದಿಂದಲೂ ಮನೆಮನೆಯಲ್ಲಿವೆ, ಈಗ ಯೂಟ್ಯೂಬಲ್ಲೂ ಸಿಗುತ್ತವೆ. ಒಂದನ್ನು ಆರಿಸಿಕೊಂಡು ಒಮ್ಮೆ ಸುಮ್ಮನೆ ಕೇಳಿ. ಎರಡನೇ ಸಲ ಪೆನ್ನು ಹಿಡಿದು ಕೂತುಕೊಳ್ಳಿ. ಎಷ್ಟನೇ ನಿಮಿಷಕ್ಕೆ ಹಾಡು ಬಂತು, ಹಾಡಿಗೆ ಮುಂಚೆ ಹೇಳಿದ ಕೊನೆಯ ವಾಕ್ಯ ಯಾವುದು, ಜನ ಎಲ್ಲಿ ನಕ್ಕರು, ನಗು ಮುಗಿದ ಮೇಲೆ ಅವರು ಎಷ್ಟು ಹೊತ್ತು ಸುಮ್ಮನಿದ್ದರು, ಇವಿಷ್ಟನ್ನು ಬರೆದುಕೊಳ್ಳಿ. ಒಂದು ಪುಟ ತುಂಬುವಷ್ಟರಲ್ಲಿ ನಿಮಗೇ ಕಾಣುತ್ತದೆ: ದೊಡ್ಡ ದಾಸರು ಹಾಡಿಗಾಗಿ ಕಥೆ ನಿಲ್ಲಿಸುವುದಿಲ್ಲ. ಮಾತು ಇನ್ನು ಮುಂದೆ ಹೋಗಲಾರದು ಅನ್ನುವ ಕಡೆ ಹಾಡು ತಾನಾಗಿ ಎದ್ದು ಬರುತ್ತದೆ.

ಅವರ ಧ್ವನಿಯನ್ನು ಮಾತ್ರ ಅನುಕರಿಸಬೇಡಿ. ಗುರುರಾಜುಲು ನಾಯ್ಡು ಅವರ ಎಳೆತ, ಅಚ್ಯುತದಾಸರ ಗತ್ತು ಅವರವರಿಗೇ ಚೆಂದ. ಕಲಿಯಬೇಕಾದ್ದು ಅವರು ಎಲ್ಲಿ ನಿಲ್ಲಿಸಿದರು ಅನ್ನುವುದನ್ನು.

ಪಲ್ಲವಿ ಮೊದಲು, ಕಥೆ ಆಮೇಲೆ

ಹೊಸಬರು ಸಾಮಾನ್ಯವಾಗಿ ಕಥೆ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಹಾಡುಗಳನ್ನು ಹುಡುಕಿ ಅಲ್ಲಲ್ಲಿ ಸೇರಿಸುತ್ತಾರೆ. ಹಾಗೆ ಮಾಡಿದರೆ ಅದು ಹಾಡುಗಳಿರುವ ಭಾಷಣ ಆಗುತ್ತದೆ, ಹರಿಕಥೆ ಆಗುವುದಿಲ್ಲ. ನಮ್ಮ ಸಂಪ್ರದಾಯದಲ್ಲಿ ಹರಿಕಥೆಗೆ ಪೀಠಿಕೆ ಅಂತ ಒಂದು ಇದೆ. ಮರಾಠಿ ಕೀರ್ತನದ ಪ್ರಭಾವ ಜಾಸ್ತಿ ಇರುವ ಉತ್ತರ ಕರ್ನಾಟಕದ ಕಡೆ ಇದಕ್ಕೆ ಪೂರ್ವರಂಗ, ಆಮೇಲಿನ ಕಥೆಗೆ ಉತ್ತರರಂಗ ಅನ್ನುತ್ತಾರೆ. ಪೀಠಿಕೆಯಲ್ಲಿ ಒಂದು ದಾಸರ ಪದ ಹಿಡಿದು, ಅದರ ಪಲ್ಲವಿಯಲ್ಲಿರುವ ತತ್ವವನ್ನು ಜನರ ಮುಂದೆ ಇಡುತ್ತಾರೆ. ಕಥೆ ಆ ತತ್ವಕ್ಕೆ ಸಾಕ್ಷಿ. ಅಂದರೆ ಪಲ್ಲವಿ ಕೇಳುವ ಪ್ರಶ್ನೆಗೆ ಕಥೆ ಉತ್ತರ ಕೊಡಬೇಕು. ಈ ಗಂಟು ಬಿಗಿಯಾಗಿದ್ದರೆ ನಿಮ್ಮ ರಾಗ ಸ್ವಲ್ಪ ಅತ್ತಿತ್ತ ಆದರೂ ಜನ ಎದ್ದು ಹೋಗುವುದಿಲ್ಲ. ಸಡಿಲವಾಗಿದ್ದರೆ ಎಷ್ಟು ಚೆನ್ನಾಗಿ ಹಾಡಿದರೂ ಮುಕ್ಕಾಲು ಗಂಟೆಗೆ ಹಿಂದಿನ ಸಾಲು ಖಾಲಿ.

ಮೊದಲ ಹರಿಕಥೆಗೆ ನಾನು ಯಾವಾಗಲೂ ಹೇಳುವುದು ಕುಚೇಲನ ಕಥೆ. ಮುಖ್ಯ ಪಾತ್ರಗಳು ನಾಲ್ಕೇ, ಯುದ್ಧ ಇಲ್ಲ, ವಂಶಾವಳಿ ಇಲ್ಲ, ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿರುವ ಕಥೆ ಅಂತ ಹೆದರಬೇಡಿ, ಜನ ಹರಿಕಥೆಗೆ ಬರುವುದು ಮುಂದೇನಾಯಿತು ಅಂತ ತಿಳಿಯುವುದಕ್ಕಲ್ಲ. ಇದಕ್ಕೆ ಪಲ್ಲವಿಯಾಗಿ ಪುರಂದರದಾಸರ "ನಾನೇಕೆ ಬಡವನು ನಾನೇಕೆ ಪರದೇಶಿ" ತೆಗೆದುಕೊಳ್ಳಿ. ಹರಿ ಇರುವ ತನಕ ನಾನು ಬಡವ ಹೇಗಾದೇನು ಅಂತ ದಾಸರು ಕೇಳುತ್ತಾರೆ. ಈಗ ಇದನ್ನು ಕುಚೇಲನ ಮುಂದೆ ಇಡಿ. ಹೊಟ್ಟೆಗಿಲ್ಲ, ಬಟ್ಟೆಗಿಲ್ಲ, ಹೆಂಡತಿ ಹಸಿದು ನಡುಗುತ್ತಿದ್ದಾಳೆ. ಇವನು ಬಡವ ಹೌದೋ ಅಲ್ಲವೋ? ಮುಂದಿನ ಒಂದು ಗಂಟೆ ಈ ಒಂದು ಪ್ರಶ್ನೆಯ ಸುತ್ತ ನಡೆಯುತ್ತದೆ.

ಮೂಲ ಓದಿ

ಭಾಗವತ ಹತ್ತನೇ ಸ್ಕಂಧದ 80 ಮತ್ತು 81ನೇ ಅಧ್ಯಾಯಗಳಲ್ಲಿ ಈ ಕಥೆ ಇದೆ. ಕನ್ನಡ ಅನುವಾದ ಸಾಕು, ಆದರೆ ಎರಡೂ ಅಧ್ಯಾಯಗಳನ್ನು ಪೂರ್ತಿ ಓದಿ. ನಿಮಗೆ ಬೇಕಾದ ಚಿತ್ರಗಳೆಲ್ಲ ಅಲ್ಲೇ ಇವೆ. ಹೆಂಡತಿ ನೆರೆಮನೆಗಳಲ್ಲಿ ಬೇಡಿ ತರುವುದು ನಾಲ್ಕು ಹಿಡಿ ಅವಲಕ್ಕಿ, ಅದನ್ನು ಹರಕು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾಳೆ. ಕೃಷ್ಣ ದೂರದಿಂದಲೇ ನೋಡಿ ಮಂಚದಿಂದ ಇಳಿದು ಬಂದು ತಬ್ಬಿಕೊಳ್ಳುತ್ತಾನೆ, ಕಾಲು ತೊಳೆದ ನೀರನ್ನು ತಲೆಗೆ ಹಾಕಿಕೊಳ್ಳುತ್ತಾನೆ, ರುಕ್ಮಿಣಿ ಚಾಮರ ಬೀಸುತ್ತಾಳೆ. ಏನು ತಂದೆ ಅಂತ ಕೇಳಿದಾಗ ಇವನು ನಾಚಿ ತಲೆ ತಗ್ಗಿಸುತ್ತಾನೆ, ಕೃಷ್ಣನೇ ಗಂಟು ಕಿತ್ತುಕೊಳ್ಳುತ್ತಾನೆ. ಒಂದು ಹಿಡಿ ತಿಂದು ಎರಡನೆಯದಕ್ಕೆ ಕೈ ಹಾಕಿದಾಗ ಲಕ್ಷ್ಮಿ ಕೈ ಹಿಡಿದು ಇಷ್ಟು ಸಾಕು ಅನ್ನುತ್ತಾಳೆ.

ಇನ್ನೊಂದು ವಿಷಯ ಗಮನಿಸಿ. ಹೆಂಡತಿಯ ಹೆಸರು ಸುಶೀಲೆ ಅನ್ನುವುದು, ಕುಚೇಲ ಚಿಕ್ಕಂದಿನಲ್ಲಿ ಕಡಲೆ ಬಚ್ಚಿಟ್ಟುಕೊಂಡು ತಿಂದ ಅನ್ನುವುದು ಭಾಗವತದಲ್ಲಿ ಇಲ್ಲ, ಜನರ ಬಾಯಲ್ಲಿ ಬಂದದ್ದು. ಹೇಳಬಾರದು ಅಂತಲ್ಲ. ಹೇಳುವಾಗ "ಹಿರಿಯರು ಹೀಗೂ ಹೇಳ್ತಾರೆ" ಅಂತ ಸೇರಿಸಿ, ಅಷ್ಟೇ. ಮುಂದಿನ ಸಾಲಲ್ಲಿ ಭಾಗವತ ಓದಿದ ಅಜ್ಜ ಒಬ್ಬರು ಇದ್ದೇ ಇರುತ್ತಾರೆ, ಅವರ ನಂಬಿಕೆ ನಿಮಗೆ ಬೇಕು.

ಕಥೆ ಕಟ್ಟುವುದು

ಒಂದೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಿ: ಸ್ತುತಿ ಮತ್ತು ಪೀಠಿಕೆ ಇಪ್ಪತ್ತು ನಿಮಿಷ, ಕಥೆ ಒಂದು ಗಂಟೆ, ಉಳಿದದ್ದು ನಾಮಸಂಕೀರ್ತನೆ ಮತ್ತು ಮಂಗಳಕ್ಕೆ. ಪೀಠಿಕೆ ಇಪ್ಪತ್ತು ನಿಮಿಷ ದಾಟಬಾರದು. ವೇದಾಂತ ಎಷ್ಟು ಗೊತ್ತಿದ್ದರೂ ಅಲ್ಲಿ ಸುರಿಯಬೇಡಿ.

ಕಥೆಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ಬಾಯಿಪಾಠ ಮಾಡುವುದು ಬೇಡ. ಬಾಯಿಪಾಠದ ಗದ್ಯ ಕೇಳಿದ ತಕ್ಷಣ ಗೊತ್ತಾಗುತ್ತದೆ, ಕಣ್ಣು ಎಲ್ಲೋ ಮೇಲೆ ನೋಡುತ್ತಿರುತ್ತದೆ, ಒಂದು ಪದ ಮರೆತರೆ ಎಲ್ಲ ನಿಂತುಹೋಗುತ್ತದೆ. ಬದಲಿಗೆ ಆರು ದೃಶ್ಯ ಮಾಡಿಕೊಳ್ಳಿ. ಕುಚೇಲನ ಮನೆ, ಅವಲಕ್ಕಿ ಕಟ್ಟುವುದು, ದ್ವಾರಕೆಯ ದಾರಿ ಮತ್ತು ಬಾಗಿಲು, ಗೆಳೆಯರ ಭೇಟಿ, ಅವಲಕ್ಕಿ ತಿನ್ನುವುದು, ವಾಪಸ್ ದಾರಿ. ಪ್ರತಿ ದೃಶ್ಯಕ್ಕೂ ಮೂರು ವಿಷಯ ಮಾತ್ರ ಖಚಿತವಾಗಿರಲಿ: ಶುರುವಿನ ವಾಕ್ಯ, ಹಾಡಿಗೆ ಎತ್ತಿಕೊಡುವ ವಾಕ್ಯ, ಹಾಡು. ನಡುವಿನದನ್ನು ದಿನಾ ಬೇರೆ ಬೇರೆ ಮಾತಿನಲ್ಲಿ ಹೇಳಿ ನೋಡಿ. ಅಡುಗೆಮನೆಯಲ್ಲಿ, ಬಸ್ ಸ್ಟಾಪಿಗೆ ನಡೆಯುವಾಗ, ಮಕ್ಕಳನ್ನು ಮಲಗಿಸುವಾಗ ಹೇಳಿ. ಮಕ್ಕಳು ಮಧ್ಯದಲ್ಲಿ "ಯಾಕೆ?" ಅಂತ ಕೇಳಿದ ಕಡೆಯೆಲ್ಲ ನಿಮ್ಮ ಕಥೆಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಮೊದಲ ದೃಶ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಕುಚೇಲನ ಹೆಂಡತಿಯನ್ನು ಗಯ್ಯಾಳಿ ಮಾಡಿ, ಗಂಡನನ್ನು ಬೈದು ಅಟ್ಟುವ ಹಾಗೆ ತೋರಿಸಿ ನಗಿಸುವುದು ಕೆಲವರಿಗೆ ಅಭ್ಯಾಸ. ದಯವಿಟ್ಟು ಮಾಡಬೇಡಿ. ಮೂಲದಲ್ಲಿ ಅವಳು ಹಸಿವಿನಿಂದ ನಡುಗುತ್ತ, ಮೆಲ್ಲಗೆ, ನಿಮ್ಮ ಗೆಳೆಯ ಲಕ್ಷ್ಮೀಪತಿ ಅಲ್ಲವೇ ಅಂತ ಕೇಳುವ ಹೆಣ್ಣುಮಗಳು. ತನಗೇ ಇಲ್ಲದಿದ್ದರೂ ಬರಿಗೈಲಿ ಗಂಡನನ್ನು ಕಳಿಸಬಾರದು ಅಂತ ನಾಲ್ಕು ಮನೆ ತಿರುಗುತ್ತಾಳೆ. ಅವಳ ಮರ್ಯಾದೆ ಉಳಿಸಿದರೆ ಅವಲಕ್ಕಿಯ ಗಂಟಿಗೆ ತೂಕ ಬರುತ್ತದೆ, ಕೊನೆಗೆ ಕೃಷ್ಣ ತಿಂದದ್ದು ಅವಳು ಬೇಡಿ ತಂದ ಅವಲಕ್ಕಿ ಅನ್ನುವುದು ಹೆಂಗಸರ ಸಾಲಿಗೆ ನೇರ ತಟ್ಟುತ್ತದೆ. ನಗು ಬೇಕಾದರೆ ದ್ವಾರಕೆಯ ಬಾಗಿಲಲ್ಲಿದೆ. ಕಾವಲುಗಾರ ಮತ್ತು ಕುಚೇಲನ ಮಾತುಕತೆಯನ್ನು ನಿಮ್ಮ ಊರಿನ ಕನ್ನಡದಲ್ಲೇ ಆಡಿಸಿ. ಧಾರವಾಡದವರಾದರೆ ಧಾರವಾಡದ್ದು, ಮಂಡ್ಯದವರಾದರೆ ಮಂಡ್ಯದ್ದು. ಜಾತಿ, ಬಣ್ಣ, ಅಂಗವೈಕಲ್ಯ ಹಿಡಿದು ನಗಿಸುವ ಹಳೆಯ ಜೋಕುಗಳನ್ನು ಮಾತ್ರ ಮರೆತುಬಿಡಿ, ದೇವರ ಮುಂದೆ ನಿಂತು ಆಡುವ ಮಾತಲ್ಲ ಅವು.

ಉಪಕಥೆ ಒಂದು ಸಾಕು. ಇಲ್ಲಿ ಅದು ಮೂಲದಲ್ಲೇ ಸಿದ್ಧವಾಗಿದೆ. ಸಾಂದೀಪನಿ ಗುರುಗಳ ಹೆಂಡತಿ ಸೌದೆ ತರಲು ಕಳಿಸಿದ್ದು, ಕಾಡಲ್ಲಿ ಅಕಾಲ ಮಳೆ ಸುರಿದದ್ದು, ಕತ್ತಲಲ್ಲಿ ಇಬ್ಬರೂ ಕೈ ಕೈ ಹಿಡಿದುಕೊಂಡು ರಾತ್ರಿ ಕಳೆದದ್ದು, ಬೆಳಿಗ್ಗೆ ಗುರುಗಳೇ ಹುಡುಕಿಕೊಂಡು ಬಂದದ್ದು. ಇದನ್ನು ಕೃಷ್ಣನ ಬಾಯಲ್ಲಿ ಹೇಳಿಸಿ, "ನೆನಪಿದೆಯೇನೋ?" ಅಂತ. ಉಪಕಥೆಯಿಂದ ಹಿಂದಕ್ಕೆ ಬರುವ ದಾರಿ ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಕಾಡಲ್ಲೇ ಕಳೆದುಹೋಗುತ್ತೀರಿ.

ಈಗ ಪಲ್ಲವಿ ಎಲ್ಲಿ ಮತ್ತೆ ಹಾಡಬೇಕು? ಅರಮನೆಯಾದ ಮನೆಯನ್ನು ನೋಡಿದಾಗ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಕುಚೇಲ ಏನೂ ಕೇಳಲಿಲ್ಲ, ಕೃಷ್ಣ ಕೈಗೆ ಏನೂ ಕೊಡಲಿಲ್ಲ, ಮರುದಿನ ಬರಿಗೈಲಿ ಹೊರಟ. ದಾರಿಯಲ್ಲಿ ಅವನು ಯೋಚಿಸುತ್ತಾನೆ: ದುಡ್ಡು ಬಂದರೆ ನಾನು ಅವನನ್ನು ಮರೆತೇನು ಅಂತಲೇ ಕರುಣೆಯಿಂದ ಅವನು ಕೊಡಲಿಲ್ಲ. ಅವನು ಇನ್ನೂ ಹರಕು ಬಟ್ಟೆಯಲ್ಲೇ ಇದ್ದಾನೆ, ಮನೆಯಲ್ಲಿ ಏನಾಗಿದೆ ಗೊತ್ತಿಲ್ಲ, ಆದರೂ ಸಂತೋಷವಾಗಿದ್ದಾನೆ. "ನಾನೇಕೆ ಬಡವನು" ಅಂತ ಹಾಡಬೇಕಾದ್ದು ಅಲ್ಲಿ. ಪೀಠಿಕೆಯ ಪ್ರಶ್ನೆಗೆ ಉತ್ತರ ಸಿಕ್ಕುವುದು ಅಲ್ಲಿ. ಅರಮನೆಯನ್ನು ಆಮೇಲೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಿ.

ರಾಗ, ತಾಳ, ಷಟ್ಪದಿ

ಹೊಸ ರಾಗ ಕಲಿಯುವ ಸಮಯ ಇದಲ್ಲ. ನಿಮ್ಮ ಗಂಟಲಿಗೆ ಕೂತಿರುವ ಆರೇಳು ರಾಗಗಳಲ್ಲೇ ಹಂಚಿ. ಗಣಪತಿ ಸ್ತುತಿಗೆ ಹಂಸಧ್ವನಿ, ಸಂತೋಷಕ್ಕೆ ಮೋಹನ, ಕಾಂಬೋಜಿ, ಬಡತನದ ದೃಶ್ಯಕ್ಕೆ ಮುಖಾರಿ ಅಥವಾ ಶುಭಪಂತುವರಾಳಿ, ಮಂಗಳಕ್ಕೆ ಸೌರಾಷ್ಟ್ರ, ಸುರಟಿ ಅಥವಾ ಮಧ್ಯಮಾವತಿ. ಹಿಂದೂಸ್ತಾನಿ ಕಲಿತವರು ಭೀಮಪಲಾಸ್, ಮಾಂಡ್, ಕೊನೆಗೆ ಭೈರವಿ ಹಿಡಿಯಬಹುದು. ಶ್ರುತಿಯನ್ನು ನೀವು ಕಚೇರಿಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಸ್ವಲ್ಪ ಕೆಳಗೆ ಇಡಿ. ಒಂದೂವರೆ ಗಂಟೆ ನಿಂತು, ಕುಣಿದು, ಎತ್ತರದ ದನಿಯಲ್ಲಿ ಮಾತಾಡಿ ಮತ್ತೆ ಹಾಡಬೇಕಲ್ವಾ.

ಬರೀ ಪದಗಳಿದ್ದರೆ ಸಪ್ಪೆ, ನಡುನಡುವೆ ಷಟ್ಪದಿ, ಕಂದ, ಶ್ಲೋಕ, ಉಗಾಭೋಗ (ತಾಳವಿಲ್ಲದೆ ಹಾಡುವ ದಾಸರ ಪುಟ್ಟ ರಚನೆ) ಬರಲಿ. ಚಾಟುವಿಠ್ಠಲನಾಥನ ಕನ್ನಡ ಭಾಗವತದಲ್ಲಿ ಷಟ್ಪದಿಗಳು ಸಿಗುತ್ತವೆ. ಭಾಮಿನಿ ಷಟ್ಪದಿಯ ನಡೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಕುಮಾರವ್ಯಾಸನ "ಶ್ರೀವನಿತೆಯರಸನೆ ವಿಮಲರಾ" ಅನ್ನುವುದನ್ನು ಒಡೆದು ನೋಡಿ: ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು ನಾಲ್ಕು ಸೇರಿದರೆ ಏಳು, ಅದಕ್ಕೇ ಇದು ಮಿಶ್ರಚಾಪಿಗೆ ಸಲೀಸಾಗಿ ಕೂರುತ್ತದೆ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಐದೈದು ಮಾತ್ರೆಯದು, ಖಂಡಚಾಪಿಗೆ ಹೋಗುತ್ತದೆ. ಗಮಕದವರು ತಾಳ ಇಲ್ಲದೆ ರಾಗದಲ್ಲಿ ವಾಚಿಸುತ್ತಾರೆ, ಅರ್ಥ ಹೇಳಲು ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ. ಹರಿಕಥೆಯಲ್ಲಿ ಎರಡೂ ಕೆಲಸ ನಿಮ್ಮದೇ. ದುಃಖದ ಪದ್ಯವನ್ನು ತಾಳ ಬಿಟ್ಟು ಹಾಡಿ, ದಾರಿ ನಡೆಯುವ ಪದ್ಯವನ್ನು ತಾಳಕ್ಕೆ ಹಾಕಿ, ವ್ಯತ್ಯಾಸ ನೀವೇ ಕೇಳುತ್ತೀರಿ.

ಚಿಟಿಕೆ ಮತ್ತು ಗೆಜ್ಜೆ

ಚಿಟಿಕೆ ಅಂದರೆ ಕೈಯಲ್ಲಿ ಹಿಡಿದು ತಾಳ ಹಾಕುವ ಪುಟ್ಟ ವಾದ್ಯ. ಅದನ್ನು ಹಿಡಿದು ಮೊದಲ ವಾರ ಹಾಡಬೇಡಿ. ಬರೀ ಆದಿತಾಳ ಹಾಕುತ್ತ ನಡೆಯಿರಿ. ಆಮೇಲೆ ತಾಳ ಹಾಕುತ್ತಲೇ ನಿಮ್ಮ ಮನೆಯ ವಿಳಾಸ, ಇವತ್ತಿನ ಅಡುಗೆ, ಏನಾದರೂ ಮಾತಾಡಿ. ಮಾತಾಡುವಾಗ ಕೈ ತಪ್ಪದಿದ್ದರೆ ಹಾಡುವಾಗ ತಪ್ಪುವುದಿಲ್ಲ. ಗೆಜ್ಜೆ ಕಟ್ಟುವುದಾದರೆ ಕೊನೆಯ ಎರಡು ವಾರ ದಿನಾ ಕಟ್ಟಿ ಅಭ್ಯಾಸ ಮಾಡಿ, ಆ ದಿನವೇ ಹೊಸದಾಗಿ ಕಟ್ಟಿದರೆ ಕಾಲು ಭಾರ ಅನ್ನಿಸುತ್ತದೆ. ಮೊದಲ ಸಲ ಕುಣಿತವನ್ನು ನಾಮಸಂಕೀರ್ತನೆಗೆ ಮಾತ್ರ ಇಟ್ಟುಕೊಂಡರೂ ಸಾಕು.

ಪಾತ್ರ ಬದಲಿಸುವುದು

ವೇಷ ಬದಲಿಸುವ ಹಾಗಿಲ್ಲ, ಇರುವುದು ಒಂದು ಮುಖ, ಒಂದು ಶಲ್ಯ. ಕೃಷ್ಣ ಮಾತಾಡುವಾಗ ಸ್ವಲ್ಪ ಎಡಕ್ಕೆ ತಿರುಗಿ, ಕುಚೇಲ ಮಾತಾಡುವಾಗ ಬಲಕ್ಕೆ. ಒಮ್ಮೆ ಗೊತ್ತು ಮಾಡಿದ ಮೇಲೆ ಕೊನೆಯವರೆಗೂ ಅದೇ ಇರಲಿ. ಕುಚೇಲ ನೆಲ ನೋಡಿ ಮಾತಾಡಲಿ, ಕೃಷ್ಣ ನೇರ ನೋಡಲಿ. ಇಷ್ಟಕ್ಕೇ "ಆಗ ಕೃಷ್ಣ ಹೇಳಿದ", "ಅದಕ್ಕೆ ಕುಚೇಲ ಹೇಳಿದ" ಅನ್ನುವುದು ಮುಕ್ಕಾಲು ಭಾಗ ಉದುರಿಹೋಗುತ್ತದೆ. ಶಲ್ಯದ ತುದಿಗೆ ಒಂದು ಗಂಟು ಹಾಕಿದರೆ ಅದೇ ಅವಲಕ್ಕಿ ಗಂಟು. ಎರಡನೇ ದೃಶ್ಯದಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಐದನೇ ದೃಶ್ಯದವರೆಗೂ ತೆಗೆಯಬೇಡಿ. ಜನ ಅದನ್ನೇ ನೋಡುತ್ತ ಕಾಯುತ್ತಾರೆ.

ಪಕ್ಕವಾದ್ಯದವರ ಜೊತೆ

ಹಾರ್ಮೋನಿಯಂ ಅಥವಾ ಪಿಟೀಲು, ತಬಲ ಅಥವಾ ಮೃದಂಗ, ಇಬ್ಬರಿದ್ದರೆ ಸಾಕು. ಅವರಿಗೆ ಒಂದು ಹಾಳೆ ಬರೆದು ಕೊಡಿ: ಹಾಡು, ರಾಗ, ತಾಳ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ), ಹಾಡಿಗೆ ಮುಂಚಿನ ಕೊನೆಯ ವಾಕ್ಯ. ಈ ಕೊನೆಯ ವಾಕ್ಯ ತುಂಬಾ ಮುಖ್ಯ. ನೀವು ಅದನ್ನು ಶ್ರುತಿಗೆ ಸೇರಿಸಿ ಹೇಳಿದಾಗ ಹಾರ್ಮೋನಿಯಂನವರು ರಾಗದ ಎಳೆ ಹಿಡಿದಿರಬೇಕು, ನೀವು ಹಾಡು ಎತ್ತಿಕೊಳ್ಳುವಾಗ ಸ್ವರ ಹುಡುಕುವ ಹಾಗಾಗಬಾರದು. ಕನಿಷ್ಠ ಎರಡು ಸಲ ಪೂರ್ತಿ ಕೂತು ಅಭ್ಯಾಸ ಮಾಡಿ, ಬರೀ ಹಾಡುಗಳನ್ನಲ್ಲ, ಮಾತನ್ನೂ ಸೇರಿಸಿ. ಮಳೆಯ ದೃಶ್ಯಕ್ಕೆ ತಬಲದ ಮೇಲೆ ಬೆರಳಾಡಿಸಲು ಕೇಳಿ, ಅವರಿಗೂ ಖುಷಿ. ಸಂಭಾವನೆಯನ್ನು ಮೊದಲೇ ಮಾತಾಡಿಕೊಂಡು, ಸಮಿತಿಯವರು ನಿಮಗೆ ಏನೇ ಕೊಡಲಿ ಬಿಡಲಿ, ಅವರದ್ದನ್ನು ಅದೇ ರಾತ್ರಿ ಕೊಟ್ಟು ಕಳಿಸಿ.

ಆ ದಿನ

ಒಂದು ಗಂಟೆ ಮುಂಚೆ ಹೋಗಿ ಮೈಕು ನೋಡಿ. ಸ್ಟ್ಯಾಂಡ್ ಮೈಕಿಗೆ ಕಟ್ಟಿಬಿದ್ದರೆ ಎಡ ಬಲ ತಿರುಗಲು ಆಗುವುದಿಲ್ಲ, ಕಾಲರ್ ಮೈಕು ಅಥವಾ ಕಿವಿಗೆ ಸಿಕ್ಕಿಸುವ ಮೈಕು ಕೇಳಿ. ಚಿಟಿಕೆಯ ಕೈ ಮೈಕಿನಿಂದ ದೂರ ಇರಲಿ, ಇಲ್ಲದಿದ್ದರೆ ಕಿವಿ ಕೊರೆಯುತ್ತದೆ. ಗಂಡಸರಿಗೆ ಕಚ್ಚೆ ಪಂಚೆ, ಜುಬ್ಬ, ಶಲ್ಯ, ಹೆಂಗಸರಿಗೆ ಕುಣಿಯಲು ತೊಡಕಾಗದ ಹಾಗೆ ಬಿಗಿಯಾಗಿ ಉಟ್ಟ ಸೀರೆ. ಹೊಟ್ಟೆ ತುಂಬ ಊಟ ಬೇಡ, ಬಿಸಿನೀರು ಪಕ್ಕದಲ್ಲಿರಲಿ.

"ಸರ್ವತ್ರ ಗೋವಿಂದ ನಾಮಸಂಕೀರ್ತನಂ" ಅಂತ ನೀವು ಅಂದು ಜನ "ಗೋವಿಂದಾ ಗೋವಿಂದ" ಅನ್ನುವುದರಿಂದ ಶುರುವಾಗಲಿ. ದನಿ ಸಣ್ಣದಾಗಿ ಬಂದರೆ ಇನ್ನೊಮ್ಮೆ ಹೇಳಿಸಿ, ಸಂಕೋಚ ಬೇಡ. ಬಾಯಿ ತೆರೆದವರು ಕಿವಿಯನ್ನೂ ತೆರೆಯುತ್ತಾರೆ. ನಡುವೆ ಜನ ಅಲುಗಾಡತೊಡಗಿದರೆ ಕಥೆಯ ವೇಗ ಹೆಚ್ಚಿಸುವ ಬದಲು "ಪುಂಡಲೀಕ ವರದೇ ಹರಿ ವಿಠ್ಠಲ" ಹೇಳಿಸಿ, ಎರಡು ನಿಮಿಷ ನಾಮ ಹಾಡಿಸಿ, ಮತ್ತೆ ಕಥೆಗೆ ಬನ್ನಿ. ಮಕ್ಕಳು ಮುಂದೆ ಕೂತಿದ್ದರೆ ಕಾವಲುಗಾರನ ದೃಶ್ಯವನ್ನು ಅವರ ಕಡೆ ನೋಡಿ ಆಡಿ. ಸಮಿತಿಯವರು ಗಡಿಯಾರ ತೋರಿಸಿದರೆ ಉಪಕಥೆ ಬಿಡಿ, ವಾಪಸ್ ದಾರಿಯನ್ನು ಬಿಡಬೇಡಿ. ಮಂಗಳ ಹಾಡುವಾಗ ಆರತಿ ತಟ್ಟೆ ಸಿದ್ಧವಾಗಿರಲಿ ಅಂತ ಅರ್ಚಕರಿಗೆ ಮೊದಲೇ ಹೇಳಿಟ್ಟಿರಿ. ಪ್ರಸಾದಕ್ಕೆ ಅವಲಕ್ಕಿಯನ್ನೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಯಾರಿಗಾದರೂ ಹೇಳಿ, ಆದರೆ ಮೂರು ನಾಲ್ಕು ದಿನ ಬಿಟ್ಟು ಕೇಳಿ. ಜನ ಕೆಮ್ಮಿದ ಜಾಗಗಳನ್ನು ಗುರುತು ಮಾಡಿ, ಅಲ್ಲಿ ಮಾತು ಉದ್ದವಾಗಿದೆ. ಇದೇ ಕಥೆಯನ್ನು ಇನ್ನೂ ನಾಲ್ಕಾರು ಕಡೆ ಮಾಡಿದ ಮೇಲೆ ಎರಡನೆಯದಕ್ಕೆ ಕೈ ಹಾಕಿ. ಅದಕ್ಕೆ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆ ನೋಡಿ, ಪದ್ಯಗಳು ಸಿದ್ಧ ಇವೆ, ತಿರುವುಗಳು ಬಹಳ ಇವೆ. ಒಂದೇ ರಾತ್ರಿಗೆ ಪೂರ್ತಿ ಹಿಡಿಯಬೇಡಿ, ಪತ್ರ ಬದಲಾಗುವ ಪ್ರಸಂಗಕ್ಕೆ ಒಂದು ದಿನ, ಚಂಡಿಕಾ ಗುಡಿಯ ಪ್ರಸಂಗಕ್ಕೆ ಇನ್ನೊಂದು ದಿನ ಕೊಡಿ ಅಂತ ಸಮಿತಿಯವರನ್ನು ಕೇಳಿ.